ಗಾಜಿನ ಹಿಂದಿನ ವೀಣೆ

ವೀಣೆಯ ಮೆಟ್ಟಿಲುಗಳು ಕೂತಿರುವುದು ಮರದ ಮೇಲಲ್ಲ, ಮೇಣದ ಮೇಲೆ. ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿ ಕಾಯಿಸಿ, ದಂಡಿಯುದ್ದಕ್ಕೂ ಎರಡು ಕಪ್ಪು ಏರಿ ಕಟ್ಟಿ, ಅದರ ಮೇಲೆ ಇಪ್ಪತ್ನಾಲ್ಕು ಲೋಹದ ಮೆಟ್ಟಿಲುಗಳನ್ನು ಒಂದೊಂದಾಗಿ ಕೂರಿಸುತ್ತಾರೆ. ಅಳತೆಪಟ್ಟಿ ಎಷ್ಟೇ ನಿಖರವಾಗಿರಲಿ, ಕೊನೆಯ ತೀರ್ಮಾನ ಕಿವಿಯದು. ಕೂದಲೆಳೆಯಷ್ಟು ಅತ್ತ ಸರಿದರೂ ಗಾಂಧಾರ ಗಾಂಧಾರವಾಗಿ ಉಳಿಯುವುದಿಲ್ಲ. ಈ ಮೇಣ ಸೆಕೆಗೆ ಮೆತ್ತಗಾಗುತ್ತದೆ, ವರ್ಷ ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತದೆ. ಹಾಗಾಗಿ ನುಡಿಸುವವರ ಮನೆಯ ವೀಣೆಗೆ ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಮೇಳ ಕಟ್ಟಿಸಲೇಬೇಕು. ಯಾರೂ ಮೀಟದ, ಯಾರೂ ಮೇಳ ಕಟ್ಟಿಸದ ವೀಣೆಯನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟರೆ ಬೀಟೆ ಮರ ಉಳಿಯುತ್ತದೆ, ಕೆತ್ತನೆ ಉಳಿಯುತ್ತದೆ, ಯಾಳಿಯ ಮುಖ ಉಳಿಯುತ್ತದೆ. ಶ್ರುತಿ ಮಾತ್ರ ಉಳಿಯುವುದಿಲ್ಲ. ವಸ್ತುಸಂಗ್ರಹಾಲಯಗಳ ಬಗ್ಗೆ ಯೋಚಿಸುವಾಗಲೆಲ್ಲ ಈ ಮೇಣವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಕೆಲವು ವಸ್ತುಗಳನ್ನು ಮುಟ್ಟದೆ ಕಾಪಾಡಬಹುದು. ಇನ್ನು ಕೆಲವನ್ನು ಮುಟ್ಟದಿದ್ದರೆ ಕಾಪಾಡಿದಂತೆಯೇ ಆಗುವುದಿಲ್ಲ.

ಮೈಸೂರು ಈ ಮಾತನ್ನು ಪರೀಕ್ಷಿಸಲು ತಕ್ಕ ಊರು. ಅರಮನೆ, ಚಿತ್ರಶಾಲೆ, ಹಸ್ತಪ್ರತಿ ಭಂಡಾರ, ಜಾನಪದ ವಸ್ತುಸಂಗ್ರಹಾಲಯ, ರಂಗಾಯಣ, ಕಲಾಮಂದಿರ, ರಾಮಮಂದಿರಗಳ ಕಛೇರಿಗಳು, ಗಣೇಶನ ಪೆಂಡಾಲುಗಳು ಎಲ್ಲವೂ ಕೆಲವೇ ಕಿಲೋಮೀಟರುಗಳ ಒಳಗೆ ಇವೆ. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಒಟ್ಟಾಗಿರುವ ಊರು ದಕ್ಷಿಣ ಭಾರತದಲ್ಲಿ ಹೆಚ್ಚಿಲ್ಲ. ಆದರೂ ಬಂದವರು ನೋಡಿಕೊಂಡು ಹೋಗುವುದು ಅರಮನೆ, ಮೃಗಾಲಯ, ಬೆಟ್ಟ, ಬೃಂದಾವನ. ಇದಕ್ಕೆ ಪ್ರವಾಸಿಗರ ಅವಸರವನ್ನು ಬೈದು ಪ್ರಯೋಜನವಿಲ್ಲ. ತೊಂದರೆ ಊರು ತನ್ನನ್ನು ತೋರಿಸಿಕೊಳ್ಳುವ ರೀತಿಯಲ್ಲಿದೆ. ನೋಡುವ ವಸ್ತುವನ್ನು ಒಂದು ಕಡೆ, ಅದನ್ನು ಮಾಡುವ ಕೈಯನ್ನು ಇನ್ನೊಂದು ಕಡೆ, ಕೇಳುವ ನಾದವನ್ನು ಮತ್ತೊಂದು ಕಡೆ ಇಟ್ಟು, ಈ ಮೂರಕ್ಕೂ ನಂಟೇ ಇಲ್ಲ ಎಂಬಂತೆ ನಾವು ನಡೆದುಕೊಂಡಿದ್ದೇವೆ. ಮೈಸೂರಿನಲ್ಲಿ ಚಿತ್ರವೂ ಸಂಗೀತವೂ ಕರಕುಶಲವೂ ಒಂದೇ ಆಶ್ರಯದಲ್ಲಿ ಬೆಳೆದವು, ಒಂದನ್ನು ನೋಡಿ ಇನ್ನೊಂದು ಕಲಿತವು. ಅವನ್ನು ಮತ್ತೆ ಒಂದೇ ಸೂರಿನಡಿ ತರದಿದ್ದರೆ ನಾವು ಕಾಪಾಡುತ್ತಿರುವುದು ಅರ್ಧ ಮಾತ್ರ.

ಜಗನ್ಮೋಹನ ಅರಮನೆಯನ್ನೇ ನೋಡಿ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. 1897ರಲ್ಲಿ ಮರದ ಹಳೆಯ ಅರಮನೆ ರಾಜಕುಮಾರಿಯ ಮದುವೆಯ ಸಂದರ್ಭದಲ್ಲೇ ಬೆಂಕಿಗೆ ಆಹುತಿಯಾದಾಗ ರಾಜಮನೆತನ ಬಂದು ಇದ್ದದ್ದು ಇಲ್ಲೇ. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕ ನಡೆದದ್ದೂ ಇಲ್ಲೇ. 1915ರಲ್ಲಿ ಇಲ್ಲಿ ಚಿತ್ರಶಾಲೆ ಶುರುವಾಯಿತು. ರವಿವರ್ಮ ಮೈಸೂರಿಗೆಂದು ಬರೆದುಕೊಟ್ಟ ಪುರಾಣಚಿತ್ರಗಳು, ಒಡೆಯರ ವಂಶಾವಳಿಯನ್ನು ತಾವರೆಯ ದಳಗಳಲ್ಲಿ ತೋರಿಸುವ ಸಂತಾನಾಂಬುಜ, ಮೇಲಂತಸ್ತಿನಲ್ಲಿ ವಾದ್ಯಗಳ ಸಂಗ್ರಹ. ಇದೇ ಕಟ್ಟಡಕ್ಕೆ ಒಂದು ಸಭಾಂಗಣವೂ ಇದೆ. ದಸರೆಯಲ್ಲಿ ಅಲ್ಲಿ ಗಾಯನ, ವಾದನ, ನೃತ್ಯ ನಡೆಯುತ್ತದೆ. ಅಂದರೆ ವಾದ್ಯಗಳ ಕೋಣೆಗೂ ವಾದ್ಯ ನುಡಿಸುವ ವೇದಿಕೆಗೂ ನಡುವೆ ಇರುವುದು ಕೆಲವು ಗೋಡೆ, ಒಂದು ಮೆಟ್ಟಿಲಸಾಲು. ಆದರೆ ಸಾಮಾನ್ಯವಾಗಿ ಚಿತ್ರಶಾಲೆಗಳು ಬಾಗಿಲು ಹಾಕುವ ಹೊತ್ತಿಗೆ ಕಛೇರಿಗಳು ಶುರುವಾಗುತ್ತವೆ. ಹಗಲು ಬಂದವರು ಸದ್ದಿಲ್ಲದ ವೀಣೆ ನೋಡಿ ಹೋಗುತ್ತಾರೆ. ಸಂಜೆ ಬಂದವರು ವೀಣೆ ಕೇಳಿ, ಮೇಲೆ ಏನಿದೆ ಎಂಬುದು ಗೊತ್ತಿಲ್ಲದೆ ಹೋಗುತ್ತಾರೆ. ಈ ವಿಂಗಡಣೆಯನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಗಡಿಯಾರ ಮಾಡಿದ್ದು. ಗಡಿಯಾರ ಮಾಡಿದ್ದನ್ನು ಬದಲಾಯಿಸುವುದು ಕಷ್ಟವೂ ಅಲ್ಲ.

ಚಿತ್ರದ ವಿಷಯದಲ್ಲೂ ಇದೇ ಕಥೆ, ಆದರೆ ಇಲ್ಲಿ ಸ್ವಲ್ಪ ಹತ್ತಿರ ಹೋಗಿ ನೋಡಬೇಕು. ಸಾಂಪ್ರದಾಯಿಕ ಮೈಸೂರು ಶೈಲಿಯ ಚಿತ್ರವನ್ನು ಹಲಗೆಗೆ ಅಂಟಿಸಿದ ಕಾಗದದ ಮೇಲೆ ಬರೆಯುತ್ತಾರೆ. ಹಿಂದೆ ಮೊದಲ ಗೆರೆಗಳಿಗೆ ಹುಣಸೆ ಕಡ್ಡಿ ಸುಟ್ಟು ಮಾಡಿದ ಇದ್ದಿಲು ಬಳಸುತ್ತಿದ್ದರು. ಆಮೇಲೆ ಆಭರಣ, ಜರಿಯಂಚು, ಮಂಟಪದ ಕಮಾನು ಬರುವಲ್ಲಿ ಬಿಳಿ ಪುಡಿ, ಅಂಟು ಮತ್ತು ಹಳದಿ ಬಣ್ಣದ ಮರದ ಹಾಲನ್ನು ಕಲಸಿದ ಲೇಪವನ್ನು ಕುಂಚದ ತುದಿಯಿಂದ ಎಳೆ ಎಳೆಯಾಗಿ ಏರಿಸುತ್ತಾರೆ. ಆ ಉಬ್ಬಿನ ಮೇಲೆ ಚಿನ್ನದ ರೇಕು ಕೂರುತ್ತದೆ. ತಂಜಾವೂರು ಚಿತ್ರದಲ್ಲಿ ಈ ಉಬ್ಬು ದಪ್ಪ, ಜೊತೆಗೆ ಗಾಜಿನ ಹರಳು ಬೇರೆ. ಅದು ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಮೈಸೂರಿನದು ತೀರ ಸಣ್ಣ ಉಬ್ಬು. ಬೆರಳಾಡಿಸಿದರೆ ತಿಳಿಯುವಷ್ಟು, ಕಣ್ಣಿಗೆ ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ತಿಳಿಯುವಷ್ಟು. ಇದನ್ನು ಮಾಡಿದವರ ಕಾಲದ ಬೆಳಕು ಎಣ್ಣೆದೀಪದ್ದು. ಪಕ್ಕದಿಂದ, ಕೆಳಗಿನಿಂದ, ಅಲ್ಲಾಡುತ್ತಾ ಬರುವ ಬೆಳಕು. ಆ ಬೆಳಕಿನಲ್ಲಿ ಚಿನ್ನ ಒಂದೇ ಕಡೆ ನಿಲ್ಲುವುದಿಲ್ಲ. ದೇವಿಯ ಕೊರಳ ಸರ ಒಮ್ಮೆ ಹೊಳೆದು ಒಮ್ಮೆ ಮಂಕಾಗಿ ಉಸಿರಾಡುತ್ತದೆ. ಅದೇ ಚಿತ್ರವನ್ನು ಟ್ಯೂಬ್‌ಲೈಟಿನ ಕೆಳಗೆ, ಹೊಳೆಯುವ ಗಾಜಿನ ಹಿಂದೆ ತೂಗುಹಾಕಿದರೆ ಚಿನ್ನ ಹಳದಿ ಬಣ್ಣದ ಹಾಗೆ ಸಪಾಟಾಗಿ ಕಾಣುತ್ತದೆ. ನೋಡಿದವರು ‘ಚೆನ್ನಾಗಿದೆ’ ಎಂದು ಮುಂದೆ ಹೋಗುತ್ತಾರೆ. ಅವರ ತಪ್ಪಲ್ಲ. ಅವರಿಗೆ ಕಾಣಿಸಿದ್ದು ಅಷ್ಟೇ.

ಜಗನ್ಮೋಹನದಲ್ಲಿರುವ ಇನ್ನೊಂದು ಚಿತ್ರ ಇದೇ ಮಾತನ್ನು ಬೇರೆ ದಿಕ್ಕಿನಿಂದ ಹೇಳುತ್ತದೆ. ಕೈಯಲ್ಲಿ ದೀಪ ಹಿಡಿದು, ಅಂಗೈಯನ್ನು ಅದಕ್ಕೆ ಮರೆ ಮಾಡಿ ನಿಂತ ಹೆಣ್ಣುಮಗಳು. ಬೆರಳ ಸಂದಿಯಲ್ಲಿ ಕೆಂಪಾಗಿ ಬೆಳಗುವ ಬೆಳಕು. ಇದನ್ನು ರವಿವರ್ಮನದೆಂದು ನಂಬಿರುವವರು ಬಹಳ. ಬರೆದವರು ಎಸ್.ಎಲ್. ಹಳದನ್ಕರ್, 1940ರ ದಶಕದಲ್ಲಿ. ರೂಪದರ್ಶಿ ಅವರ ಮಗಳು ಗೀತಾ. ಎಲ್ಲರೂ ತೈಲವರ್ಣವೆಂದುಕೊಳ್ಳುವ ಇದು ಜಲವರ್ಣ. ಜಲವರ್ಣದಲ್ಲಿ ಬೆಳಕನ್ನು ಮೇಲೆ ಬಳಿಯಲು ಬರುವುದಿಲ್ಲ, ಕಾಗದದ ಬಿಳಿಯನ್ನು ಮೊದಲಿನಿಂದಲೂ ಉಳಿಸಿಕೊಂಡೇ ಬರಬೇಕು. ಅಂದರೆ ಆ ದೀಪದ ಬೆಳಕು ಕಲಾವಿದ ಹಚ್ಚಿದ್ದಲ್ಲ, ಹಚ್ಚದೆ ಬಿಟ್ಟದ್ದು. ಇದನ್ನು ಒಬ್ಬ ವಿದ್ಯಾರ್ಥಿ ಕುಂಚ ಹಿಡಿದು ಹತ್ತು ನಿಮಿಷ ತೋರಿಸಿದರೆ ನೋಡುವವರಿಗೆ ಆ ಚಿತ್ರ ಜನ್ಮದಲ್ಲಿ ಮರೆಯುವುದಿಲ್ಲ. ಅದೇ ಊರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ, ‘ಕಾವಾ’ ಎಂದೇ ಹೆಸರು. ಅಲ್ಲಿ ವರ್ಷವರ್ಷವೂ ಯುವಕ ಯುವತಿಯರು ಚಿತ್ರಕಲೆ ಕಲಿಯುತ್ತಿದ್ದಾರೆ. ಅವರಿಗೂ ಆ ಗೋಡೆಯ ಮೇಲಿನ ಚಿತ್ರಗಳಿಗೂ ದಿನನಿತ್ಯದ ಸಂಬಂಧ ಇರಬೇಕಿತ್ತಲ್ಲವೇ?

ಸಂಗ್ರಹಿಸಿಟ್ಟದ್ದು ತಾನಾಗಿಯೇ ಮಾತಾಡುವುದಿಲ್ಲ ಎನ್ನುವುದಕ್ಕೆ ಮೈಸೂರಿನಲ್ಲೇ ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಇದೆ. 1891ರಲ್ಲಿ ಶುರುವಾದ ಓರಿಯೆಂಟಲ್ ಲೈಬ್ರರಿಯ ಓಲೆಗರಿಗಳ ನಡುವೆ ಒಂದು ಕಟ್ಟು ಇತ್ತು. ಗ್ರಂಥ ಲಿಪಿಯಲ್ಲಿದ್ದ ಅದನ್ನು ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟಿದ್ದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದಾಗ, 1905ರಲ್ಲಿ, ಅದು ಶತಮಾನಗಳಿಂದ ಕಳೆದುಹೋಗಿದೆ ಎಂದುಕೊಂಡಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ತಿಳಿಯಿತು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಬಂತು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಜಗತ್ತು ಯೋಚಿಸುವ ಬಗೆಯೇ ಬದಲಾಯಿತು. ಗರಿಗಳನ್ನು ಹುಳು ತಿನ್ನದಂತೆ ಎಣ್ಣೆ ಸವರಿ ಜೋಪಾನ ಮಾಡಿದವರ ಕೆಲಸ ಸಣ್ಣದಲ್ಲ. ಅದಿಲ್ಲದಿದ್ದರೆ ಶಾಸ್ತ್ರಿಗಳ ಕೈಗೆ ಏನೂ ಸಿಗುತ್ತಿರಲಿಲ್ಲ. ಆದರೆ ಓದುವ ಕಣ್ಣು ಬೀಳದಿದ್ದರೆ ಆ ಕಟ್ಟು ಇವತ್ತಿಗೂ ನಂಬರು ಹಾಕಿದ ಒಂದು ಕಟ್ಟಾಗಿಯೇ ಇರುತ್ತಿತ್ತು. ಶಾಸ್ತ್ರಿಗಳು ಓಲೆಗರಿಗೆ ಮಾಡಿದ್ದನ್ನೇ ವೀಣೆಗೆ, ಚಿತ್ರಕ್ಕೆ, ಕೆತ್ತಿದ ಬಾಗಿಲಿಗೆ ಮಾಡಬೇಕಾಗಿದೆ.

ಬಾಗಿಲು ಎಂದೆ. ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ಕ್ಕೆ ಮುಗಿದ ಅಂಬಾವಿಲಾಸ ಅರಮನೆಯಲ್ಲಿ ಬೀಟೆ ಮರದೊಳಗೆ ದಂತ ಕೂರಿಸಿದ ಬಾಗಿಲುಗಳಿವೆ. ಕಪ್ಪು ಮರದಲ್ಲಿ ಉಗುರಿನಷ್ಟು ಹಳ್ಳ ತೋಡಿ, ಅಷ್ಟೇ ಅಳತೆಯ ಬಿಳಿ ಚೂರು ಕೂರಿಸಿ, ಅಂಚು ಕಾಣದಂತೆ ಉಜ್ಜಿದ ಕೆಲಸ. ಜನ ಅದರ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅದೇ ವಿದ್ಯೆಯವರು ಮಂಡಿ ಮೊಹಲ್ಲಾದ ಕಡೆಯ ಓಣಿಗಳಲ್ಲಿ ಇವತ್ತೂ ಇದ್ದಾರೆ, ಹೆಚ್ಚಿನವು ಮುಸ್ಲಿಂ ಮನೆತನಗಳು, ತಲೆಮಾರುಗಳಿಂದ ಇದೇ ಕಸುಬು. ದಂತಕ್ಕೆ ಕಾಯ್ದೆ ಅಡ್ಡ ಬಂದ ಮೇಲೆ ಅವರು ಮರಕ್ಕೆ ಮರವನ್ನೇ ಕೂರಿಸಲು ಕಲಿತರು: ಹಳದಿಗೆ ಒಂದು ಮರ, ಬಿಳಿಗೆ ಒಂದು, ಕೆಂಪಿಗೆ ಇನ್ನೊಂದು. ಬಣ್ಣ ಹಚ್ಚದೆ, ಮರಗಳ ಸ್ವಂತ ಬಣ್ಣದಿಂದಲೇ ಸೂರ್ಯಾಸ್ತ ಬಿಡಿಸುವ ಜಾಣ್ಮೆ ಅದು. ಕಲೆ ಕಷ್ಟದಲ್ಲಿ ಹೇಗೆ ದಾರಿ ಹುಡುಕಿಕೊಳ್ಳುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಅರಮನೆಯ ಒಳಗೆ ಎಲ್ಲೂ ಇಲ್ಲ. ಆದರೆ ಆ ಬಾಗಿಲಿನ ಪಕ್ಕ ನಿಂತವರಿಗೆ, ಇದನ್ನು ಮಾಡುವವರು ಇಲ್ಲಿಂದ ಆಟೋ ದೂರದಲ್ಲಿದ್ದಾರೆ ಎಂದು ತಿಳಿಸುವ ಒಂದು ಸಾಲಾದರೂ ಬೇಡವೇ?

ಸಂಗೀತದ ವಿಷಯಕ್ಕೆ ಬಂದರೆ ಮೈಸೂರು ಇನ್ನೂ ಪುಣ್ಯ ಮಾಡಿದೆ, ಏಕೆಂದರೆ ಇಲ್ಲಿ ಸಂಗೀತ ಅರಮನೆಯಿಂದ ಬೀದಿಗೆ ಇಳಿದುಬಂದ ದಾರಿ ಸ್ಪಷ್ಟವಾಗಿ ಕಾಣುತ್ತದೆ. ವೀಣೆ ಶೇಷಣ್ಣನವರಿಂದ (1852–1926) ವೆಂಕಟಗಿರಿಯಪ್ಪನವರಿಗೆ, ಅವರಿಂದ ದೊರೆಸ್ವಾಮಿ ಅಯ್ಯಂಗಾರರಿಗೆ ಬಂದ ಮೈಸೂರು ಬಾನಿ ಮೀಟಿನ ಬಾನಿ. ತಂತಿಯನ್ನು ಎಳೆದೆಳೆದು ಗಮಕ ತೆಗೆಯುವುದಕ್ಕಿಂತ ಬೆರಳುಗಳನ್ನು ಬಿಡಿಬಿಡಿಯಾಗಿ ಓಡಿಸಿ, ಸ್ವರಸ್ವರಕ್ಕೂ ಮೀಟು ಕೊಟ್ಟು, ಮುತ್ತು ಪೋಣಿಸಿದಂತೆ ನುಡಿಸುವುದು. ಕರಾವಳಿಯ ನಂದಳಿಕೆಯಿಂದ ಬಂದ ಬಿಡಾರಂ ಕೃಷ್ಣಪ್ಪನವರು ಆಸ್ಥಾನದಲ್ಲಿ ಹಾಡಿದ್ದು ಸಾಲದೆಂದು ಊರಿನ ನಡುವೆ ಪ್ರಸನ್ನ ಸೀತಾರಾಮ ಮಂದಿರ ಕಟ್ಟಿದರು. ದಾಸರ ಪದಗಳನ್ನು ಕಛೇರಿಗೆ ತಂದರು. ಅವರ ಶಿಷ್ಯ ತಿರುಮಕೂಡಲು ಚೌಡಯ್ಯನವರು ಪಿಟೀಲಿಗೆ ಮೂರು ತಂತಿ ಹೆಚ್ಚಿಗೆ ಹಾಕಿ ಏಳು ತಂತಿ ಮಾಡಿದ್ದು ಯಾಕೆ? ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಲೆಂದು. ಆಸ್ಥಾನದ ಕೋಣೆಗೆ ನಾಲ್ಕು ತಂತಿ ಸಾಕಿತ್ತು. ಏಳು ತಂತಿ ಬೇಕಾದದ್ದು ಜನಕ್ಕೆ. ಅದೇ ದಾರಿಯಲ್ಲಿ ಮುಂದೆ ಬಂದರೆ ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸಿನ ಗಣೇಶ ಸಿಗುತ್ತಾನೆ. 1960ರ ದಶಕದಿಂದ ಅಲ್ಲಿ ಬೀದಿಗೆ ಪೆಂಡಾಲು ಹಾಕಿ ನಡೆಸುವ ಕಛೇರಿಗಳಿಗೆ ದೇಶದ ದೊಡ್ಡ ವಿದ್ವಾಂಸರೇ ಬರುತ್ತಾರೆ. ತರಕಾರಿ ಚೀಲ ಹಿಡಿದವರೂ ನಿಂತು ತನಿ ಆವರ್ತನ ಮುಗಿಯುವವರೆಗೆ ಕೇಳಿ ಹೋಗಬಹುದು.

ಅಂದಹಾಗೆ, ಈ ಊರಿನ ಕಿವಿ ಕರ್ನಾಟಕ ಸಂಗೀತಕ್ಕಷ್ಟೇ ತೆರೆದಿತ್ತು ಎಂದುಕೊಂಡರೆ ತಪ್ಪಾಗುತ್ತದೆ. ತೊಂಬತ್ನಾಲ್ಕು ಕೃತಿಗಳನ್ನು ರಚಿಸಿದ ವಾಗ್ಗೇಯಕಾರ ಜಯಚಾಮರಾಜ ಒಡೆಯರೇ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟವರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಾಗ ಆ ಕಛೇರಿಯ ಖರ್ಚಿಗೆ ಜಾಮೀನು ನಿಂತದ್ದು ಮೈಸೂರು. ಅರಮನೆಯ ವಾದ್ಯವೃಂದಗಳು ಕಾಲಾಂತರದಲ್ಲಿ ಪೊಲೀಸ್ ಬ್ಯಾಂಡ್ ಆದವು. ಹಾಗಾಗಿ ಇವತ್ತಿಗೂ ಸಮವಸ್ತ್ರ ತೊಟ್ಟ ಪೊಲೀಸರು ಕುಳಿತು ಕೃತಿ ನುಡಿಸುವುದನ್ನು ಮೈಸೂರಿನಲ್ಲಿ ಕಾಣಬಹುದು. ಇದು ಯಾವ ಗಾಜಿನ ಪೆಟ್ಟಿಗೆಯಲ್ಲೂ ಇಡಲಾಗದ ಪರಂಪರೆ. ನುಡಿಸುವ ಕೆಲಸವಾಗಿ ಉಳಿದದ್ದರಿಂದಲೇ ಅದು ಉಳಿಯಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ, ಅದನ್ನು ಬದಿಗೆ ಸರಿಸಬಾರದು. ಆಸ್ಥಾನ, ಅರಮನೆ, ಆಶ್ರಯ ಎಂದು ಹಾಡಿ ಹೊಗಳುವುದೆಲ್ಲ ಹಳೆಯ ದರ್ಬಾರಿನ ಭಜನೆಯಲ್ಲವೇ? ಆ ಚಿನ್ನದ ರೇಕಿನ ಹಣ ರೈತರ ಕಂದಾಯದ್ದಲ್ಲವೇ? ಆ ಸಭೆಗಳಲ್ಲಿ ಎಲ್ಲರಿಗೂ ಜಾಗವಿತ್ತೇ? ಇರಲಿಲ್ಲ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಸಂಗೀತ, ಸಂಸ್ಕೃತ ಕಲಿತ ಹೆಣ್ಣುಮಗಳು ಮುಂದೆ ಬೆಂಗಳೂರು ನಾಗರತ್ನಮ್ಮನಾಗಿ, ತನ್ನ ದುಡಿಮೆಯ ಹಣದಲ್ಲಿ ತಿರುವಯ್ಯಾರಿನ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದಳು. ಹಾಗಿದ್ದೂ ಅಲ್ಲಿನ ಆರಾಧನೆಯಲ್ಲಿ ಹೆಂಗಸರಿಗೆ ಹಾಡುವ ಅವಕಾಶವಿರಲಿಲ್ಲ. ಆಕೆ ಹೆಂಗಸರದೇ ಆರಾಧನೆ ನಡೆಸಿ ಉತ್ತರ ಕೊಟ್ಟಳು. ದೇವದಾಸಿ ಮನೆತನದ ಈಕೆಯ ಹೆಸರು ಮೈಸೂರಿನ ಸಂಗೀತದ ಕಥೆ ಹೇಳುವಾಗ ಮೊದಲ ಸಾಲಿನಲ್ಲಿ ಬರಬೇಕು, ಆದರೆ ಬರುವುದು ಅಪರೂಪ. ಈ ಆಕ್ಷೇಪ ನನ್ನ ವಾದವನ್ನು ಕೆಡವುವುದಿಲ್ಲ, ಇನ್ನಷ್ಟು ಬಲಪಡಿಸುತ್ತದೆ ಎಂದೇ ನನ್ನ ನಂಬಿಕೆ. ವಸ್ತುವನ್ನು ಒಂಟಿಯಾಗಿ ತೋರಿಸಿದಾಗ ಕಾಣುವುದು ಅದರ ಒಡೆಯ ಮಾತ್ರ. ಅದನ್ನು ಮಾಡಿದವರನ್ನು, ನುಡಿಸಿದವರನ್ನು, ಹೊರಗೆ ನಿಂತವರನ್ನು ಕಾಣಿಸಬೇಕಾದರೆ ಆ ವಿದ್ಯೆಯನ್ನೇ ಕಾಣಿಸಬೇಕು.

ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಈ ಮಾತಿಗೆ ಕಟ್ಟಡದ ರೂಪದ ಪುರಾವೆ. 1905ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಕಟ್ಟಿದ ಬಂಗಲೆ. ಯಾರ ಮದುವೆಯ ಹೊತ್ತಿಗೆ ಹಳೆಯ ಅರಮನೆ ಸುಟ್ಟಿತೋ ಅದೇ ರಾಜಕುಮಾರಿ. ಈ ಬಂಗಲೆ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದ ಮನೆಯಾಯಿತು. 1968ರಲ್ಲಿ ಶುರುವಾದ ಈ ಸಂಗ್ರಹಕ್ಕೆ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ, ವಿದ್ವಾಂಸ ಜೀಶಂಪ ಮೊದಲಾದವರು ಹಳ್ಳಿಹಳ್ಳಿ ತಿರುಗಿ ವಸ್ತುಗಳನ್ನು ತಂದರು: ಸೋಮನ ಮುಖಗಳು, ತೊಗಲುಗೊಂಬೆ, ಬಯಲಾಟದ ಭುಜಕೀರ್ತಿ, ನೇಗಿಲು, ಕುಂಕುಮದ ಕರಡಿಗೆ. ಅರಮನೆಯ ಹೊರಗಿದ್ದವರ ಬದುಕು ಅರಮನೆಯ ಮಗಳ ಮನೆಯೊಳಗೆ ಬಂದು ಕೂತಿತು. ಅಲ್ಲೊಂದು ಕಂಸಾಳೆಯ ಜೋಡಿ ನೋಡಿದಿರಿ ಎನ್ನಿ. ಒಂದು ಬಟ್ಟಲಿನ ಹಾಗಿದೆ, ಇನ್ನೊಂದು ತಟ್ಟೆಯ ಹಾಗೆ, ಹುರಿಗೆ ಕಟ್ಟಿದೆ. ನೋಡಿದರೆ ಕಂಚಿನ ತುಣುಕು. ಮಲೆ ಮಹದೇಶ್ವರನ ದೇವರಗುಡ್ಡರು ಅದೇ ಜೋಡಿಯನ್ನು ತಲೆಯ ಮೇಲೆ, ಕಾಲ ಸಂದಿಯಲ್ಲಿ, ಬೆನ್ನ ಹಿಂದೆ ಹೊಡೆಯುತ್ತಾ ಇರುಳಿಡೀ ಮಾದಪ್ಪನ ಕಥೆ ಹಾಡಿ ಕುಣಿಯುತ್ತಾರೆ. ಆ ಕಾವ್ಯ ನೆನಪಿನಲ್ಲಿದೆ, ಮೈಯಲ್ಲಿದೆ. ಕಂಚಿನಲ್ಲಿಲ್ಲ.

ಇನ್ನು ಸಂರಕ್ಷಣೆ ಬಲ್ಲವರ ಆಕ್ಷೇಪ. ಹಳೆಯ ವೀಣೆಗೆ ಬಿಗಿದ ತಂತಿ ಎಂದರೆ ಹಳೆಯ ಮರದ ಮೇಲೆ ಭಾರ; ದೀಪದ ಹೊಗೆ ಚಿತ್ರಕ್ಕೆ ವಿಷ; ಜನರ ಕೈ ಬೆವರು ಎಲ್ಲಕ್ಕೂ ಶತ್ರು. ಈ ಮಾತುಗಳೆಲ್ಲ ನಿಜ, ಇವನ್ನು ಕಡೆಗಣಿಸಿ ಯಾವ ಸುಧಾರಣೆಯೂ ಬೇಡ. ಆದರೆ ಶೇಷಣ್ಣನವರ ಕಾಲದ ವೀಣೆಯನ್ನೇ ನುಡಿಸಿ ಎಂದು ಯಾರೂ ಕೇಳುತ್ತಿಲ್ಲ. ಅದು ವಿಶ್ರಮಿಸಲಿ, ಪಕ್ಕದಲ್ಲಿ ಹೊಸದೊಂದು ವೀಣೆ ಇರಲಿ, ಅದರ ಮುಂದೆ ನುಡಿಸುವವರೊಬ್ಬರು ಕೂರಲಿ. ಬೆಳಕಿನ ವಿಷಯದಲ್ಲಂತೂ ಸಂರಕ್ಷಣೆಯೂ ಸೌಂದರ್ಯವೂ ಒಂದೇ ಕಡೆ ಇವೆ. ಕಾಗದದ ಮೇಲಿನ ಚಿತ್ರಗಳಿಗೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೇಡವೆನ್ನುವುದು ಸಂಗ್ರಹಾಲಯಗಳು ಒಪ್ಪಿದ ಲೆಕ್ಕ, ಅದು ಮಬ್ಬುಗತ್ತಲೆಯ ಬೆಳಕು. ಅಷ್ಟೇ ಬೆಳಕನ್ನು ನೇರವಾಗಿ ಬಿಡದೆ ಓರೆಯಾಗಿ, ಶಾಖವಿಲ್ಲದ ಎಲ್‌ಇಡಿಯಿಂದ ಬಿಟ್ಟರೆ ಮೈಸೂರು ಚಿತ್ರದ ಚಿನ್ನ ಎದ್ದು ಬರುತ್ತದೆ, ಬಣ್ಣವೂ ಉಳಿಯುತ್ತದೆ. ಬ್ರಸೆಲ್ಸಿನ ವಾದ್ಯಗಳ ವಸ್ತುಸಂಗ್ರಹಾಲಯದಲ್ಲಿ ಬಂದವರ ಕಿವಿಗೆ ಹೆಡ್‌ಫೋನ್ ಕೊಟ್ಟು, ಎದುರಿಗಿರುವ ವಾದ್ಯದ ನಾದ ಕೇಳಿಸುತ್ತಾರೆ. ಅಷ್ಟು ದೂರ ಹೋಗುವುದೇ ಬೇಡ, ಬೆಂಗಳೂರಿನ ಜೆ.ಪಿ. ನಗರದಲ್ಲಿ 2019ರಲ್ಲಿ ತೆರೆದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್‌ನ ಅಂಗಳದಲ್ಲಿ ಮಕ್ಕಳು ಕಲ್ಲು, ಲೋಹದ ವಾದ್ಯಗಳನ್ನು ತಾವೇ ಬಡಿದು ನುಡಿಸುತ್ತಾರೆ. ಹಳೆಯದನ್ನು ಕೆಡಿಸದೆ ಕೇಳಿಸುವ ದಾರಿ ಗೊತ್ತಿಲ್ಲದ ದಾರಿಯೇನಲ್ಲ.

ಕೊನೆಯದು ಸಮಯದ ಮತ್ತು ದುಡ್ಡಿನ ಪ್ರಶ್ನೆ. ಪ್ರವಾಸಿಗರಿಗೆ ಬೇಕಾದದ್ದು ದೀಪಾಲಂಕಾರ, ವೀಣೆಯನ್ನು ಯಾರು ಕೂತು ಕೇಳುತ್ತಾರೆ ಎನ್ನುತ್ತಾರೆ. ಭಾನುವಾರ, ರಜಾದಿನಗಳ ಸಂಜೆ ಅರಮನೆಯ ಲಕ್ಷದ ಸಮೀಪದ ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುವಾಗ ಸಾವಿರಾರು ಜನ ಮುಂಚೆಯೇ ಬಂದು ಕಾದಿರುತ್ತಾರೆ ಎನ್ನುವುದು ನಿಜ. ಹಾಗಾದರೆ ಕತ್ತಲಾಗುವವರೆಗೆ ಕಾಯುವ ತಾಳ್ಮೆ ಅವರಿಗಿದೆ ಎಂದೇ ಅರ್ಥ. ದಸರೆಯ ಹತ್ತು ದಿನಕ್ಕೆ ಎಲ್ಲವನ್ನೂ ಸುರಿದು ಉಳಿದ ದಿನ ಖಾಲಿ ಬಿಡುವುದಕ್ಕಿಂತ ವಾರಕ್ಕೊಂದು ಸಂಜೆ ಕಡಿಮೆ ಖರ್ಚಿನದು, ಹೆಚ್ಚು ಬಾಳಿಕೆಯದು. ಕಲಾವಿದರಿಗೆ ವರ್ಷವಿಡೀ ಅನ್ನ ಕೊಟ್ಟರೆ ಏನಾಗುತ್ತದೆ ಎನ್ನುವುದಕ್ಕೂ ಇಲ್ಲೇ ಉದಾಹರಣೆ ಇದೆ. 1989ರಲ್ಲಿ ಬಿ.ವಿ. ಕಾರಂತರ ಮುಂದಾಳತ್ವದಲ್ಲಿ ಶುರುವಾದ ರಂಗಾಯಣ ಸಂಬಳ ಪಡೆಯುವ ನಟರ ತಂಡ ಕಟ್ಟಿತು, ಊರಿಗೆ ನಾಟಕ ನೋಡುವ ಅಭ್ಯಾಸ ಉಳಿಸಿತು. ಸಂಗೀತಕ್ಕೂ ಚಿತ್ರಕ್ಕೂ ಅಷ್ಟು ದೊಡ್ಡ ಏರ್ಪಾಟು ತಕ್ಷಣ ಬೇಕಿಲ್ಲ. ಜಗನ್ಮೋಹನದಂಥ ಕಟ್ಟಡದ ಬಾಗಿಲು ಶನಿವಾರ ಎರಡು ತಾಸು ತಡವಾಗಿ ಮುಚ್ಚಲಿ. ಮೊದಲರ್ಧ ಗಂಟೆ ಕಾವಾದ ಒಬ್ಬ ವಿದ್ಯಾರ್ಥಿ ಚಿನ್ನದ ರೇಕು ಕೂರಿಸುವುದನ್ನು ತೋರಿಸಲಿ, ಆಮೇಲೆ ಮೇಲಂತಸ್ತಿನ ವಾದ್ಯಗಳ ಕೋಣೆಯಲ್ಲಿ ಜಮಖಾನ ಹಾಸಿ, ಮೈಕು ಇಲ್ಲದೆ, ಐವತ್ತೇ ಜನರ ನಡುವೆ ಊರಿನ ವೈಣಿಕರೊಬ್ಬರು ಕೂತು ನುಡಿಸಲಿ. ಒಂದು ವಾರ ವೀಣೆ, ಇನ್ನೊಂದು ವಾರ ಕಂಸಾಳೆ, ಮತ್ತೊಂದು ವಾರ ಕಥೆ ಹಾಡುವ ನೀಲಗಾರರ ತಂಬೂರಿ. ನುಡಿಸುವವರಿಗೆ ಸಂಭಾವನೆ, ಕಾವಲಿನವರಿಗೆ ಎರಡು ತಾಸಿನ ಹೆಚ್ಚುವರಿ ಕೂಲಿ, ಜೊತೆಗೆ ಆಗಾಗ ವೀಣೆಗೆ ಮೇಳ ಕಟ್ಟುವವರನ್ನು ಕರೆಸಿ ಜನರ ಎದುರೇ ಮೇಣ ಕಾಯಿಸಿ ಮೆಟ್ಟಿಲು ಕೂರಿಸುವ ಏರ್ಪಾಟು. ಲೆಕ್ಕ ಹಾಕಿದರೆ ಖರ್ಚು ಇಷ್ಟೇ.